ಓದಿ ಹೇಳದ ಬೋರ್ಡು

ಮಧುಗಿರಿ

ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಯಾತ್ರೆ ಆಫೀಸಿದೆ. ಆಫೀಸು ಎಂದರೆ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಕಾಶಿ, ಕೇದಾರ, ಮುಕ್ತಿನಾಥದ ಫೋಟೊ. ಹದಿನಾಲ್ಕು ವರ್ಷದಿಂದ ನಮ್ಮ ನಾಲ್ಕು ತಾಲ್ಲೂಕಿನ ಜನರನ್ನು ಉತ್ತರಕ್ಕೆ ಕರೆದುಕೊಂಡು ಹೋಗಿ ಕ್ಷೇಮವಾಗಿ ವಾಪಸು ತರುತ್ತಿದ್ದೇನೆ. ಗಿರಿಜಮ್ಮನ ಯಾತ್ರೆ ಎಂದರೆ ಮೂರು ಹೊತ್ತು ನಮ್ಮ ಊಟ, ಬೆಳಿಗ್ಗೆ ಬಿಸಿನೀರು ಎಂಬ ಮಾತು ಕೊಳಾಲದವರೆಗೂ ಹಬ್ಬಿದೆ. ಊಟದ ಮಾತನ್ನು ಹಬ್ಬಿಸಿದವರು ಜನ. ಬಿಸಿನೀರಿನ ಮಾತು ನಾನೇ ಹಬ್ಬಿಸಿದ್ದು. ‘ಬಿಸಿನೀರು ಗ್ಯಾರಂಟಿ’ ಎಂದು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ಕಳೆದ ಬೇಸಿಗೆಯಲ್ಲಿ ನೇಪಾಳದ ಮುಕ್ತಿನಾಥಕ್ಕೆ ಹೊರಟವರು ಹತ್ತೊಂಬತ್ತು ಜನ. ವ್ಯವಸ್ಥೆಗೆ ನಾನು, ಅಡುಗೆಯವರು, ಸಿರಾದ ಜಬೀವುಲ್ಲಾ. ಜಬೀ ನನ್ನ ಪಾಲುದಾರ. ಗಾಡಿ, ರೈಲು, ಗಡಿಯ ಕಾಗದ ಎಲ್ಲ ಅವನ ಕೆಲಸ. ಯಾರಾದರೂ ಹುಬ್ಬೇರಿಸಿದರೆ, “ದೇವ್ರು ಗಿರಿಜಕ್ಕಂದು, ಹಿಂದಿ ನಮ್ದು. ಇಬ್ರೂ ಸೇರಿದ್ರೇನೆ ಯಾತ್ರೆ ಆಗೋದು” ಅನ್ನುತ್ತಾನೆ. ನನಗೂ ಹಿಂದಿ ಬರುತ್ತದೆ. ಹದಿನಾಲ್ಕು ವರ್ಷ ಧರ್ಮಶಾಲೆಯ ಮ್ಯಾನೇಜರುಗಳ ಜೊತೆ ಜಗಳವಾಡಿದವಳಿಗೆ ಬಾರದೆ ಇರುತ್ತದೆಯೇ?

ಯಾತ್ರಿಗಳಲ್ಲಿ ಇಬ್ಬರ ಹೆಸರು ಹೇಳಬೇಕು. ಒಬ್ಬರು ಕೊರಟಗೆರೆಯ ಶಾರದಮ್ಮ, ನಿವೃತ್ತ ಟೀಚರು. ಕರಪತ್ರವನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದವರು ಅವರೊಬ್ಬರೇ. ಇನ್ನೊಬ್ಬರು ನಾಗಲಮಡಿಕೆ ಕಡೆಯ ಅಂಜಿನಪ್ಪ. ಅವರ ಹಳ್ಳಿಯ ನೀರುಗಂಟಿ. ಹಿಂದೆ ಅವರ ಅಪ್ಪ ಕೆರೆಯ ತೂಬು ಎತ್ತುತ್ತಿದ್ದರಂತೆ, ಇವರು ಪಂಚಾಯಿತಿಯ ಟ್ಯಾಂಕಿನ ವಾಲ್ವ್ ತಿರುಗಿಸುತ್ತಾರೆ. ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಟ್ಯಾಂಕು ತುಂಬಿದೆಯೇ ನೋಡಿ, ಬೀದಿ ಬೀದಿಗೆ ಪಾಳಿಯಂತೆ ನೀರು ಬಿಡಬೇಕು. ಇಪ್ಪತ್ತೆರಡು ವರ್ಷದಲ್ಲಿ ರಜ ಹಾಕಿದ್ದು ಇದೇ ಮೊದಲು. ಭಾಮೈದನಿಗೆ ಕೆಲಸ ವಹಿಸಿ ಬಂದಿದ್ದರು. ಆದರೂ ರೈಲಿನಲ್ಲಿ ಸಿಗ್ನಲ್ ಸಿಕ್ಕಾಗಲೆಲ್ಲ ಫೋನು. “ಮೇಲ್ಗಡೆ ಬೀದಿಗ್ ಬುಟ್ಟೇನಪ್ಪಾ? ಅರ್ಧ ಗಂಟೆ, ಅಷ್ಟೇ. ಅವ್ರು ಕಿರಿಚಿದ್ರೆ ಕಿರಿಚ್ಲಿ.”

ಗಡಿ

ಗೋರಖಪುರದಲ್ಲಿ ರೈಲು ಇಳಿದು ಬಸ್ಸಿನಲ್ಲಿ ಗಡಿಗೆ ಬಂದೆವು. ವಿದೇಶ ಎಂದರೆ ಏನೋ ಇರುತ್ತದೆ ಅಂದುಕೊಂಡಿದ್ದವರಿಗೆ ನಿರಾಸೆ. ಒಂದು ಕಮಾನು, ಅದರ ಈಚೆ ಇದ್ದ ಧೂಳೇ ಆಚೆಗೂ.

ಅಲ್ಲಿನ ಅಧಿಕಾರಿಯೊಬ್ಬರು ನಮ್ಮ ರಾಗಿ ಹಿಟ್ಟಿನ ಮೂಟೆ ಬಿಚ್ಚಿಸಿದರು. ಬೂದು ಬಣ್ಣದ ಪುಡಿ ಕಂಡು ಮುಖ ಗಂಟಿಕ್ಕಿದರು. ಜಬೀ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಂದು ಚಿಟಿಕೆ ಮೂಸಿ, “ಕೋದೋ!” ಅಂದರು. ರಾಗಿಗೆ ಅವರು ಅನ್ನುವ ಹೆಸರು ಅದು, ಅವರ ಊರಲ್ಲೂ ಬೆಳೆಯುತ್ತಾರಂತೆ. ಅವರ ತಾಯಿ ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತಿರುವುತ್ತಾರಂತೆ, ಅದಕ್ಕೆ ಧಿಂಡೊ ಎಂದು ಹೆಸರು. ಅವರು ಕೈಯಾಡಿಸಿ ತೋರಿಸಿದ ರೀತಿ ನೋಡಿ ನಮ್ಮ ಹೆಂಗಸರೆಲ್ಲ ನಕ್ಕರು. ಮುದ್ದೆ ತೊಳಸುವುದಕ್ಕೆ ಎಲ್ಲ ಕಡೆಯೂ ಅದೇ ಕೈ ಬೇಕು.

ಗಾಳಿಯ ಕಣಿವೆ

ಪೋಖರಾದವರೆಗೆ ಹಸಿರು. ಅಲ್ಲಿಂದ ಜೀಪುಗಳಲ್ಲಿ ಕಾಳಿಗಂಡಕಿ ನದಿಯ ಪಕ್ಕದಲ್ಲೇ ಮೇಲೆ ಹತ್ತುತ್ತಾ ಹೋದಂತೆ ಹಸಿರು ಹಿಂದೆ ಉಳಿಯಿತು. ಬೋಳು ಬೆಟ್ಟ, ಕಂದು ಮಣ್ಣು, ನಡುವೆ ಕಪ್ಪು ಮರಳಿನ ಅಗಲವಾದ ನದಿ. ಮೋಡಗಳು ಆ ಕಡೆಯ ಬೆಟ್ಟಸಾಲಿನಲ್ಲೇ ಸುರಿದು ಬರಿದಾಗುವುದರಿಂದ ಈ ಕಡೆ ಮಳೆಯೇ ಇಲ್ಲವಂತೆ. ಬೇಕಾದ ನೀರೆಲ್ಲ ಮೇಲಿನ ಹಿಮದಿಂದಲೇ ಬರಬೇಕು.

“ಹಿಮಾಲಯ ಅಂದ್ರೆ ಹಿಂಗಿರುತ್ತಾ?” ಎಂದು ಶಾರದಮ್ಮ ಬೇಜಾರು ಮಾಡಿಕೊಂಡರು.

ಅಂಜಿನಪ್ಪ ಮಾತ್ರ ಕಿಟಕಿಗೆ ಮುಖ ಇಟ್ಟು ನೋಡುತ್ತಿದ್ದರು. “ಇದು ನಮ್ ಪಾವಗಡನೇ ಕದಾ ಅಮ್ಮಾ. ಬಂಡೆ ವಸಿ ಎತ್ರ, ಅಷ್ಟೇಯಾ.”

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಆ ಕಣಿವೆಯಲ್ಲಿ ಹನ್ನೆರಡರ ನಂತರ ದಿನವೂ ಹೀಗೇ ಬೀಸುತ್ತದೆ. ಮರಳು ಹಾರಿ ಜೀಪಿನ ಗಾಜಿಗೆ ಬಡಿಯುತ್ತದೆ. ಮುಕ್ತಿನಾಥಕ್ಕೆ ಇನ್ನೊಂದು ಗಂಟೆಯ ದಾರಿ ಇರುವಾಗ ಒಂದು ಹಳ್ಳಿಯಲ್ಲಿ ನಿಂತೆವು. ಎತ್ತರದ ಗಾಳಿಗೆ ದೇಹ ಒಗ್ಗಲೆಂದು ಅಲ್ಲಿ ಒಂದು ರಾತ್ರಿ ತಂಗುವುದು ನಮ್ಮ ಪದ್ಧತಿ. ಪ್ರತಿವರ್ಷ ತಂಗುತ್ತಿದ್ದ ಮನೆ ಮುಚ್ಚಿತ್ತು. ಊರ ಬಾಗಿಲಲ್ಲಿ ಹೊಸದಾಗಿ ಒಂದು ತಗಡಿನ ಬೋರ್ಡು ನಿಂತಿತ್ತು. ನೇಪಾಳಿ, ಇಂಗ್ಲಿಷು, ಹಿಂದಿ ಮೂರರಲ್ಲೂ ಬರೆದಿದ್ದರು. ನಮ್ಮವರು ಮರಳಿಗೆ ಮುಖ ಮುಚ್ಚಿಕೊಂಡು ಹಾದುಹೋದರು, ಹಿಂದಿಯದನ್ನು ನಾನು ಪೂರ್ತಿ ಓದಿದೆ.

ಡೋಲ್ಮಾಳ ಮನೆ

ನಮಗೆ ಆ ಊರಿನವರು ತೋರಿಸಿದ ಮನೆ ಡೋಲ್ಮಾ ಎಂಬುವಳದು. ನಲವತ್ತರ ಆಸುಪಾಸಿನ ಹೆಂಗಸು. ಅತ್ತೆಯ ಜೊತೆ ಸೇರಿ ಪ್ರವಾಸಿಗರಿಗೆ ಊಟ, ಹಾಸಿಗೆ ಒದಗಿಸಿಯೇ ಜೀವನ ನಡೆಸುವವಳು. ಜಬೀ ಪಂಚರಾದ ಜೀಪಿನ ಹಿಂದೆ ಹೋಗಿದ್ದ. ಆದ್ದರಿಂದ ಅವಳು ಬೋರ್ಡಿನಲ್ಲಿದ್ದ ವಿಷಯವನ್ನು ನನ್ನೊಬ್ಬಳಿಗೇ ಹಿಂದಿಯಲ್ಲಿ, ನಿಧಾನವಾಗಿ, ಎರಡು ಸಲ ಹೇಳಿದಳು.

ಅವಳು ಮದುವೆಯಾಗಿ ಬಂದಾಗ ಮಾಳಿಗೆಯ ಮೇಲೆ ಹಿಮ ವಾರಗಟ್ಟಲೆ ನಿಲ್ಲುತ್ತಿತ್ತಂತೆ. ಈಗ ಬಿದ್ದ ದಿನವೇ ಕರಗುತ್ತದೆ, ಕೆಲವು ಚಳಿಗಾಲ ಬೀಳುವುದೇ ಇಲ್ಲ. ಹಿಮವಿಲ್ಲದಿದ್ದರೆ ಬೇಸಿಗೆಯಲ್ಲಿ ತೊರೆಯಿಲ್ಲ. ಅದೇ ಹೊತ್ತಿಗೆ ರಸ್ತೆ ಬಂತು, ಜೀಪು ಬಂತು, ನಮ್ಮಂಥವರು ಬಂದೆವು. ಬಂದವರೆಲ್ಲ ಬಿಸಿನೀರಿನ ಸ್ನಾನ ಕೇಳಿದರು. ಹೀಗಾದರೆ ಊರನ್ನೇ ಬಿಟ್ಟು ಕೆಳಗೆ ಇಳಿಯಬೇಕಾಗುತ್ತದೆ ಎಂದು ಊರಿನವರು ಕೂತು ಒಂದು ಕಟ್ಟು ಮಾಡಿದರು. ಹಾಸಿಗೆ ಎಷ್ಟಿದೆ ಎಂದು ನೋಡಿ ಪ್ರವಾಸಿಗರನ್ನು ಇಟ್ಟುಕೊಳ್ಳುವ ಹಾಗಿಲ್ಲ, ನೀರು ಎಷ್ಟಿದೆ ಎಂದು ನೋಡಿ ಇಟ್ಟುಕೊಳ್ಳಬೇಕು. ದಿನಕ್ಕೆ ತಲೆಗೊಂದು ಬಕೆಟ್. ಕಾಯಿಸುವುದು ಬಿಸಿಲಿನಲ್ಲೇ. ಬಾಟಲಿ ನೀರು ಮಾರುವಂತಿಲ್ಲ. ಮನೆಯ ಹಿಂದಿನ ಕಲ್ಲುಕೊಳ ತೋಟದವರದು, ಎಂಟು ದಿನಕ್ಕೊಮ್ಮೆ ಪಾಳಿಯಂತೆ ಮೂರು ಮನೆಯ ಸೇಬಿನ ಸಸಿಗಳಿಗೆ ಹೋಗಬೇಕು. ಅದನ್ನು ಮುಟ್ಟಬಾರದು.

“ಬಂದವರಿಗೆ ತಿಳಿಯುವಂತೆ ಹೇಳದ ಮನೆ, ಮುಂದಿನ ಹಿಮದವರೆಗೆ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ. ತಿಳಿದೂ ಮಾಡಿದರೆ ಆ ತಂಡ ಮತ್ತೆ ಮುಕ್ತಿನಾಥದ ದಾರಿಯ ಈ ಐದೂರಿಗೆ ಬರುವಂತಿಲ್ಲ” ಎಂದಳು ಡೋಲ್ಮಾ. “ನಿಮ್ಮವರಿಗೆ ನನ್ನ ಹಿಂದಿ ತಿಳಿಯುವುದಿಲ್ಲ. ನೀವೇ ಹೇಳಬೇಕು ದೀದಿ.”

ಹೇಳುತ್ತೇನೆ ಎಂದೆ.

ಸಂಜೆ ಊಟಕ್ಕೆ ಕೂತಾಗ ಎಲ್ಲರ ಮುಖವೂ ಸೋತಿತ್ತು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಸಾರಿನಲ್ಲಿ ಬೇಳೆ ಕಾಳುಕಾಳಾಗಿ ಹಲ್ಲಿಗೆ ಸಿಗುತ್ತಿತ್ತು, ಮುದ್ದೆಯ ಒಳಗೆ ಹಸಿ ಹಿಟ್ಟು. ನಾನು ಎದ್ದು ನಿಲ್ಲುವ ಮೊದಲೇ ಶಾರದಮ್ಮ, “ನಾಳೆ ದರ್ಶನ ಕಣೇ ಗಿರಿಜಾ. ತಲೆಗೆ ನೀರು ಹಾಕ್ಕೊಳ್ದೆ ಹೋಗೋಕಾಗಲ್ಲ. ಬಿಸಿನೀರು ಗ್ಯಾರಂಟಿ ಅಂತ ನೀನೇ ಪ್ರಿಂಟ್ ಹಾಕ್ಸಿದೀಯ” ಅಂದರು. ಹತ್ತೊಂಬತ್ತು ಮುಖ ನನ್ನ ಕಡೆ ತಿರುಗಿತು.

“ನೀರನ್ನ ಸ್ವಲ್ಪ ನೋಡ್ಕೊಂಡು ಬಳಸಿ” ಎಂದೆ. ಅಷ್ಟೇ. ಬಕೆಟಿನ ಲೆಕ್ಕ ಹೇಳಲಿಲ್ಲ, ಕೊಳದ ಮಾತು ಎತ್ತಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಹೇಗೋ ನಿಭಾಯಿಸೋಣ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಬೈಸಿಕೊಳ್ಳುವುದನ್ನು ಒಂದು ಹೊತ್ತು ಮುಂದೂಡಿದೆ.

ಜಾವದ ಸ್ನಾನ

ಅಂಜಿನಪ್ಪ ನಾಲ್ಕಕ್ಕೆ ಎದ್ದರು. ರಜವಿದ್ದರೂ ದೇಹಕ್ಕೆ ಗೊತ್ತಾಗಬೇಕಲ್ಲ. ಬಚ್ಚಲ ನಲ್ಲಿ ತಿರುಗಿಸಿದರೆ ನೀರಿಲ್ಲ. ಟಾರ್ಚು ಹಿಡಿದು ಪೈಪಿನ ಜಾಡಿನಲ್ಲೇ ಮನೆಯ ಹಿಂದಕ್ಕೆ ಹೋದರು. ಅಲ್ಲಿ ಕಲ್ಲುಕೊಳ ಅಂಚಿನವರೆಗೆ ತುಂಬಿ ನಿಂತಿತ್ತು, ಪಕ್ಕದಲ್ಲಿ, ಕಟ್ಟು ಬರುವ ಮೊದಲು ಮನೆಗೆ ಎಳೆದಿದ್ದ ಪೈಪಿನ ವಾಲ್ವು. ತುಂಬಿದ ನೀರು, ಮುಚ್ಚಿದ ವಾಲ್ವು, ಏಳುವ ಹೊತ್ತಾದ ಜನ. ಇಪ್ಪತ್ತೆರಡು ವರ್ಷದಿಂದ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು.

ನಾನು ಎದ್ದಾಗ ಅಂಗಳದಲ್ಲಿ ನಮ್ಮ ಗ್ಯಾಸ್ ಒಲೆಯ ಮೇಲೆ ಹಂಡೆ ಕಾಯುತ್ತಿತ್ತು. ಹೆಂಗಸರು ತಲೆ ನೆಂದ ಸಂಭ್ರಮದಲ್ಲಿದ್ದರು. ಕೆಲವರು ಸೀರೆಯನ್ನೂ ಒಗೆದು ಹಿಂಡುತ್ತಿದ್ದರು. ಅಡುಗೆಯವರು ಪಾತ್ರೆ ತೊಳೆಯುತ್ತಿದ್ದರು. ನೀರು ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮೂರು ದಿನದ ಧೂಳು ಮೈಮೇಲಿತ್ತು, ಹಂಡೆಯಲ್ಲಿ ಬಿಸಿನೀರಿತ್ತು. ನಾನೂ ಎರಡು ಬಕೆಟ್ ಸುರಿದುಕೊಂಡೆ.

ಎಲ್ಲರದ್ದೂ ಆದ ಮೇಲೆ ಅಂಜಿನಪ್ಪ ಹೋಗಿ ವಾಲ್ವು ತಿರುಗಿಸಿ ಬಂದರು. ಅದರ ತಿರುಪು ಸವೆದಿತ್ತು, ಪೂರ್ತಿ ಮುಚ್ಚಿರಲಿಲ್ಲ. ಉಳಿದ ನೀರು ಚರಂಡಿ ಸೇರಿ ದಾರಿಯ ಮೇಲೆ ಹರಿದುಹೋಯಿತು. ಬೆಳಕಾದಾಗ ಕೊಳದಲ್ಲಿ ಕೆಸರು ಮಾತ್ರ ಇತ್ತು.

ಅಂದು ಸಸಿಗಳ ಪಾಳಿ. ಗುದ್ದಲಿ ಹಿಡಿದು ನೀರು ಕಟ್ಟಲು ಬಂದ ಗಂಡಸು ಕೊಳ ನೋಡಿ ಕೂಗಾಡಲಿಲ್ಲ. ಗುದ್ದಲಿ ಕೆಳಗಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟ. ಡೋಲ್ಮಾ ಓಡಿಬಂದಳು. ನಮ್ಮ ತಂತಿಯ ಮೇಲಿನ ಹಸಿ ಸೀರೆಗಳನ್ನು ನೋಡಿದಳು, ನನ್ನ ಒದ್ದೆ ತಲೆ ನೋಡಿದಳು.

ಊರ ಬಾಗಿಲು

ಊರ ಬಾಗಿಲ ಪಕ್ಕದ ಗೋಡೆಯ ಬಿಸಿಲಿನಲ್ಲಿ ಸಭೆ ಸೇರಿತು. ಆ ಬೋರ್ಡು ನನ್ನ ಎದುರಿಗೇ ಇತ್ತು. ಊರಿಗೆ ಹಿರಿಯರಾದ ಮುಖಿಯಾ ಉಣ್ಣೆಯ ಟೊಪ್ಪಿಯ ಸಣ್ಣ ಮನುಷ್ಯ. ವಾಲ್ವು ತೆಗೆದವರು ಯಾರು ಎಂದು ಅವರು ಕೇಳಿದ್ದನ್ನು ಜಬೀ ಕನ್ನಡಕ್ಕೆ ತಿರುಗಿಸಿ ಮುಗಿಸುವ ಮೊದಲೇ ಅಂಜಿನಪ್ಪ ಎದ್ದು ನಿಂತರು.

“ನಾನೇ ಸ್ವಾಮಿ.”

“ಮುಟ್ಟಬಾರದು ಎಂದು ತಿಳಿದಿರಲಿಲ್ಲವೇ?”

“ಯಾರೂ ಹೇಳ್ಲಿಲ್ಲ. ಹೇಳಿದ್ರೆ ಮುಟ್ತಾನೇ ಇರ್ಲಿಲ್ಲ. ಆದ್ರೂ ತಪ್ಪು ನಂದೇಯಾ. ನೀರ್ ಬುಡೋನು ಇದು ಯಾರ್ ನೀರು ಅಂತ ಕೇಳ್ಬೇಕಾಗಿತ್ತು.”

ಅವರು ಹೇಳಿದ್ದು ಸತ್ಯ. ಆ ಸತ್ಯ ನೇರವಾಗಿ ಡೋಲ್ಮಾಳ ಕುತ್ತಿಗೆಗೆ ಬಂತು. ಅವಳು ಎದ್ದು, “ನಾನು ದೀದಿಗೆ ಹೇಳಿದ್ದೆ. ಎರಡು ಸಲ” ಎಂದಳು.

ಎಲ್ಲರೂ ನನ್ನನ್ನು ನೋಡಿದರು. ಹೌದು ಅಂದರೆ ನನ್ನ ಯಾತ್ರೆಯ ಹೆಸರು ಐದೂರಲ್ಲಿ ಅಳಿಸಿಹೋಗುತ್ತದೆ. ನನ್ನ ವರ್ಷದ ಅರ್ಧ ಅನ್ನ ಮುಕ್ತಿನಾಥದಿಂದ ಬರುವುದು. ಇಲ್ಲ ಅಂದರೆ ಡೋಲ್ಮಾಳ ಬಾಗಿಲು ಮುಚ್ಚುತ್ತದೆ, ಆ ಮನೆಗೆ ಬೇರೆ ಅನ್ನವೇ ಇಲ್ಲ. ಎರಡೂ ನನಗೆ ಆ ಕ್ಷಣದಲ್ಲೇ ಸ್ಪಷ್ಟವಾಗಿ ಗೊತ್ತಿತ್ತು. ಗಾಬರಿಯಲ್ಲಿ ಏನೋ ಅಂದೆ ಎಂದು ಈಗ ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ.

“ಹೇಳಿರಬಹುದು” ಎಂದೆ ಕನ್ನಡದಲ್ಲಿ. “ನನಗೆ ಹಿಂದಿ ಅಷ್ಟು ಬರಲ್ಲ. ಅರ್ಥ ಆಗಿರ್ಲಿಲ್ಲ.”

ಜಬೀ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ನಾನಂದದ್ದನ್ನು ಹಾಗೆಯೇ ಹಿಂದಿಯಲ್ಲಿ ಹೇಳಿದ. ಡೋಲ್ಮಾ ಕೂತಳು.

ಮೇಲಿನ ಹುಲ್ಲುಗಾವಲಿಗೆ ಹೋದವರು ನಾಡಿದ್ದು ಇಳಿದು ಬರುತ್ತಾರೆ, ಎಲ್ಲ ಮನೆಯವರೂ ಕೂತ ಮೇಲೆಯೇ ತೀರ್ಮಾನ ಎಂದರು ಮುಖಿಯಾ. ಸಸಿಗಳು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಈ ವರ್ಷವಷ್ಟೇ ನೆಟ್ಟವು. ತೆಗೆದ ನೀರನ್ನು ತೆಗೆದವರೇ ನದಿಯಿಂದ ಹೊತ್ತು ಹಾಕಲಿ ಅಂದರು. ನಾವು ಒಪ್ಪಿದೆವು. ದರ್ಶನ ಮುಂದಕ್ಕೆ ಹೋಯಿತು.

ನದಿಗೂ ತೋಟಕ್ಕೂ ನಡುವೆ

ತೋಟಕ್ಕೆ ಜೀಪಿನ ದಾರಿಯಿಲ್ಲ. ನದಿಯಿಂದ ಕಲ್ಲುಮೆಟ್ಟಿಲ ಏರು. ಮಧುಗಿರಿ ಬೆಟ್ಟದ ಕೋಟೆಯ ಮೂರನೆಯ ಬಾಗಿಲಿನವರೆಗೆ ಏದುಸಿರಿಲ್ಲದೆ ಹತ್ತುತ್ತೇನೆ ಎಂದು ನನಗೊಂದು ಜಂಬವಿತ್ತು. ಇಲ್ಲಿ ಹತ್ತು ಹೆಜ್ಜೆಗೆ ಎದೆ ಹೊಡೆದುಕೊಳ್ಳುತ್ತಿತ್ತು. ಗಟ್ಟಿಮುಟ್ಟಾಗಿದ್ದ ಹನ್ನೊಂದು ಜನ ಕ್ಯಾನು ಹೊತ್ತೆವು. ಶಾರದಮ್ಮ ಬೇಡವೆಂದರೂ ಕೇಳದೆ ಎರಡು ಬಾಟಲಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದರು. ಇಂಥ ಕೆಲಸ ಕರಪತ್ರದಲ್ಲಿ ಇಲ್ಲ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಮಧ್ಯಾಹ್ನ ಗಾಳಿ ಎದ್ದರೆ ಕೆಲಸ ನಿಲ್ಲಿಸಬೇಕು. ಆದ್ದರಿಂದ ಬೆಳಕು ಹರಿಯುತ್ತಲೇ ಶುರು.

ಸಸಿಗಳು ಮೊಣಕಾಲೆತ್ತರ ಇದ್ದವು. ಒಂದೊಂದರ ಬುಡಕ್ಕೂ ಕಲ್ಲು ಮುಚ್ಚಿದ್ದರು, ತೇವ ಹಾರದಿರಲೆಂದು. ಅಂಜಿನಪ್ಪ ಕಲ್ಲು ಸರಿಸಿ, ನೀರು ಹಾಕಿ, ಅದು ಇಂಗುವವರೆಗೆ ಕುಕ್ಕರಗಾಲಲ್ಲಿ ಕೂತು, ಮತ್ತೆ ಕಲ್ಲು ಮುಚ್ಚುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತವರು ಅವರು. ಊರಿಗೆ ಫೋನು ಮಾಡುವುದನ್ನೂ ಬಿಟ್ಟಿದ್ದರು.

ದಣಿವಾರಿಸಿಕೊಳ್ಳಲು ಕೂತಾಗ ಅವರಾಗಿಯೇ ಹೇಳಿದರು. “ನಮ್ಮೂರಾಗೆ ಒಂದಮ್ಮ ಲೈನ್‌ಗೆ ಮೋಟ್ರು ಇಟ್ಟಿದ್ಲು ಗಿರಿಜಮ್ಮ. ಬಾಣಂತಿ. ಕೈ ಮುಗುದ್ಲು. ನಾನು ಬುಡ್ಲಿಲ್ಲ, ನಲ್ಲಿ ಕಟ್ ಮಾಡ್ದೆ. ಒಂದ್ ತಿಂಗ್ಳು ಕೊಡ್ಲಿಲ್ಲ. ಊರ್ ನೀರು ಕದ್ದೋರ್ಗೆ ಅದೇ ಸರಿ ಅಂದೆ. ಈಗ ನೋಡಿ, ನಾನೇ ಕಳ್ಳ ಆಗ್ಬುಟ್ಟೆ. ಆ ಯಮ್ಮನ್ ಮಕ ಹೆಂಗೆ ನೋಡ್ಲಿ?”

ನೀವು ಕಳ್ಳರಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. “ಬಿಡಿ ಅಂಜಿನಪ್ಪಣ್ಣ, ಆಗಿದ್ದಾಯ್ತು” ಎಂದೆ. ಅವರು ಕ್ಯಾನು ಎತ್ತಿಕೊಂಡು ಕೆಳಗಿಳಿದರು.

ಡೋಲ್ಮಾ ಆ ಎರಡು ದಿನವೂ ನಮಗೆ ಊಟ ಹಾಕಿದಳು, ತಲೆಗೊಂದು ಬಕೆಟ್ ಬೆಚ್ಚನೆ ನೀರು ಕೊಟ್ಟಳು. ನನ್ನೊಡನೆ ಮಾತಾಡಲಿಲ್ಲ. ಎರಡನೆಯ ಸಂಜೆ ಮಾಳಿಗೆಯ ಮೇಲೆ ಅವಳ ಅತ್ತೆ ರಜಾಯಿಗಳನ್ನು ಒದರಿ, ಮಡಚಿ, ಒಂದು ದೊಡ್ಡ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ನಮ್ಮ ಹಾಸಿಗೆಯವನ್ನು ಬಿಟ್ಟು ಉಳಿದವು. ಪ್ರವಾಸಿಗರು ಬರುವ ಕಾಲ ಈಗಷ್ಟೇ ಶುರುವಾಗಿತ್ತು. ಯಾಕೆ ಈಗಲೇ ಎತ್ತಿಡುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದೆ.

“ಮುಂದಿನ ಹಿಮದವರೆಗೆ ಇವಕ್ಕೆ ಕೆಲಸವಿಲ್ಲ” ಎಂದಳು ಮುದುಕಿ. ನನ್ನ ಮೇಲೆ ಸಿಟ್ಟಿರಲಿಲ್ಲ ಅವಳಿಗೆ. ಪೆಟ್ಟಿಗೆಯ ಮುಚ್ಚಳ ಹಿಡಿದುಕೊಳ್ಳಲು ಕೈಸನ್ನೆ ಮಾಡಿದಳು. ಹಿಡಿದುಕೊಂಡೆ. ಅವಳು ಒಂದೊಂದಾಗಿ ಒಳಗಿಟ್ಟಳು. ನನಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು ಅದು, ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡುವುದಿಲ್ಲ.

ಕೆಳಗೆ ಜಬೀ ಸಿಕ್ಕಿದ. “ನಿಂಗೆ ಗೊತ್ತು ಅಲ್ವೇನೋ” ಎಂದೆ.

“ನಿಮ್ ಹಿಂದಿ ನಂಗ್ ಗೊತ್ತಿಲ್ವಾ ಅಕ್ಕಾ?” ಅಂದ. “ನಾನ್ ಹೇಳ್ಬೋದಿತ್ತು. ಆದ್ರೆ ನಿಮ್ ಜಬಾನ್‌ದು, ನಿಮ್ ನಾಲಿಗೇದು, ನೀವೇ ಹೇಳ್ಬೇಕು. ನಂಗೂ ಮನೇಲಿ ಮಕ್ಳವೆ, ಧಂದಾ ನಂದೂ ಹೋಯ್ತದೆ. ಹೋದ್ರೆ ಹೋಗ್ಲಿ ಬುಡಿ.”

ಎರಡನೆಯ ಸಭೆ

ಹುಲ್ಲುಗಾವಲಿನಿಂದ ಬಂದವರೂ ಸೇರಿ ಗೋಡೆಯ ಪಕ್ಕ ಜಾಗ ಸಾಲದಾಗಿತ್ತು. ಮುಖಿಯಾ ಮಾತು ಶುರು ಮಾಡುವ ಮೊದಲು ನಾನು ಎದ್ದೆ. ಜಬೀಯನ್ನು ಕೂರಿಸಿ ಹಿಂದಿಯಲ್ಲೇ ಹೇಳಿದೆ. ಬೋರ್ಡು ಓದಿದ್ದೆ. ಡೋಲ್ಮಾ ಎರಡು ಸಲ ಹೇಳಿದ್ದಳು, ಪೂರ್ತಿ ಅರ್ಥವಾಗಿತ್ತು. ನಮ್ಮವರಿಗೆ ನಾನು ಹೇಳಲಿಲ್ಲ. ಮೊನ್ನೆ ಇಲ್ಲಿ ಸುಳ್ಳಾಡಿದೆ. ಆಮೇಲೆ ತಿರುಗಿ ನಮ್ಮವರಿಗೂ ಅದನ್ನೇ ಕನ್ನಡದಲ್ಲಿ ಹೇಳಿದೆ. ಹಿಂದಿಯಲ್ಲಿ ಹೇಳುವುದು ಸುಲಭವಾಗಿತ್ತು.

ಅವರು ತಮ್ಮೊಳಗೆ ಹೆಚ್ಚು ಹೊತ್ತು ಮಾತಾಡಲಿಲ್ಲ. ಡೋಲ್ಮಾಳ ಮನೆ ತೆರೆದಿರುತ್ತದೆ. ನಮ್ಮ ಯಾತ್ರೆ ಇನ್ನು ಆ ಐದೂರಿಗೆ ಬರುವಂತಿಲ್ಲ. ಈಗ ಬಂದವರು ದರ್ಶನ ಮುಗಿಸಿಕೊಂಡು ಹೋಗಬಹುದು. ಮುಖಿಯಾ ಇಷ್ಟು ಹೇಳಿ, ನನಗೆ ನಮಸ್ಕಾರ ಮಾಡಿ ಎದ್ದರು.

ಡೋಲ್ಮಾ ನನ್ನ ಪಕ್ಕದಲ್ಲಿ ಹಾದುಹೋಗುವಾಗ ನಿಂತಳು. “ನಿಮಗೆ ಹಿಂದಿ ಚೆನ್ನಾಗಿಯೇ ಬರುತ್ತದೆ ದೀದಿ” ಅಂದಳು. ರಜಾಯಿ ಬಿಚ್ಚಲು ಹೋಗಬೇಕಿತ್ತು ಅವಳಿಗೆ, ಹೆಚ್ಚು ನಿಲ್ಲಲಿಲ್ಲ.

ನಮ್ಮವರಲ್ಲಿ ಕೆಲವರು ನನ್ನನ್ನು ಬೈದರು, ಕೆಲವರು ನೇರವಾಗಿ ಜೀಪಿನ ಕಡೆ ನಡೆದರು. ಶಾರದಮ್ಮ ಬ್ಯಾಗಿನಿಂದ ಕರಪತ್ರ ತೆಗೆದು ನನ್ನ ಕೈಗೆ ಕೊಟ್ಟರು. “ನಾನು ಕೇಳಿದ್ದೂ ತಪ್ಪೇ ಕಣೇ. ಆದ್ರೆ ನೀನು ಬೇಡ ಅಂದಿದ್ರೆ ನಾನೇನು ಸಾಯ್ತಿರ್ಲಿಲ್ಲ” ಎಂದು ಜೀಪು ಹತ್ತಿದರು. ಮುಕ್ತಿನಾಥದ ಹಿಂದೆ ನೂರೆಂಟು ಧಾರೆಗಳಿವೆ, ಗಾಳಿ ಏಳುವ ಮೊದಲು ತಲುಪಬೇಕಿತ್ತು. ಜಬೀ ಎಲ್ಲರನ್ನೂ ಎಣಿಸಿದ. ಒಬ್ಬರು ಕಡಿಮೆ.

ಅಂಜಿನಪ್ಪ ಬೋರ್ಡಿನ ಹತ್ತಿರ ನಿಂತಿದ್ದರು. ನಾನು ಹೋದೆ. ಅವರು ನನ್ನನ್ನು ನೋಡಲಿಲ್ಲ.

“ಎರಡು ದಿನದಿಂದ ನಾನೇ ಕಳ್ಳ ಅಂದ್ಕೊಂಡು ಹೊತ್ತೆ ಗಿರಿಜಮ್ಮ. ಪಕ್ಕದಾಗೇ ಹೊರ್ತಾ ಇದ್ರಿ ನೀವು.”

“ತಪ್ಪಾಯ್ತು ಅಂಜಿನಪ್ಪಣ್ಣ.”

ಅವರು ಬಾಗಿ, ಕಾಲ ಬಳಿ ಇದ್ದ ಕ್ಯಾನಿನ ಮುಚ್ಚಳ ಬಿಗಿ ಮಾಡಿದರು.

“ಜೀಪು ಹೊರಡ್ತಿದೆ. ದರ್ಶನಕ್ಕೆ ಹೋಗಿ ಬನ್ನಿ. ಅಷ್ಟು ದೂರದಿಂದ ಬಂದಿದೀರಿ.”

“ಮೂರ್ನೇ ಮನೆಯೋರ್ದು ಒಂದ್ ಸಾಲು ಉಳ್ಕೊಂಡದೆ” ಎಂದರು. “ಈವತ್ತು ಬಿಸ್ಲು ಜಾಸ್ತಿ.”

ಎರಡು ಖಾಲಿ ಕ್ಯಾನು ಎತ್ತಿಕೊಂಡು ಮೆಟ್ಟಿಲಿಳಿದರು. ನಾನು ಜಬೀಗೆ ಹೋಗಿ ಎಂದು ಕೈಸನ್ನೆ ಮಾಡಿ, ಒಂದು ಕ್ಯಾನು ಹಿಡಿದು ಅವರ ಹಿಂದೆ ಇಳಿದೆ. ದಾರಿಯುದ್ದಕ್ಕೂ ಅವರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನದಿಯಲ್ಲಿ ತಮ್ಮ ಎರಡನ್ನೂ ತುಂಬಿಸಿ ದಡದಲ್ಲಿಟ್ಟು ನನ್ನ ಕ್ಯಾನಿಗೆ ಕೈ ಚಾಚಿದರು. ಕೊಟ್ಟೆ. ಅರ್ಧ ತುಂಬಿಸಿ ಮುಚ್ಚಳ ಹಾಕಲು ಹೊರಟರು.

“ಪೂರ್ತಿ ತುಂಬಿಸಿ” ಎಂದೆ.

ಆಗ ನನ್ನ ಮುಖ ನೋಡಿದರು. ಮತ್ತೆ ಕ್ಯಾನನ್ನು ನೀರಿಗೆ ಅದ್ದಿ ಕಂಠದವರೆಗೆ ತುಂಬಿಸಿ ಕೊಟ್ಟರು.